ಮಗಳಿಗೆ ಕಡಲಿನ ಓದು ಬೇಕಂತೆ



ಈ ಪಕ್ಷ ಬಂದ ಕಾಗದಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಗೃಹಿಣಿ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಗಳು ಎರಡನೇ ಪಿ.ಯು.ಸಿ. ಮುಗಿಸಿದ್ದಾಳೆ. ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿದೆ. ಡಾಕ್ಟರಾಗು ಎಂದರೆ ಬೇಡ, ನರ್ಸಿಂಗ್ ಎಂದರೂ ಬೇಡ. "ಸಮುದ್ರದ ಜೀವಿಗಳ ಬಗ್ಗೆ ಓದ್ತೀನಿ" ಅಂತ ಹಟ ಹಿಡಿದು ಕೂತಿದ್ದಾಳಂತೆ.

ತಾಯಿಯ ಮಾತನ್ನು ಅವರ ಬಾಯಲ್ಲೇ ಕೇಳಿ: "ನಮ್ಮೂರ ಕೆರೆಯೇ ಬೇಸಿಗೆಗೆ ಒಣಗುತ್ತದೆ, ಇವಳ ತಲೆಗೆ ಸಮುದ್ರ ಎಲ್ಲಿಂದ ಬಂತೋ! ಅವರಪ್ಪ ಮಾತು ಬಿಟ್ಟಿದ್ದಾರೆ. ಬೇರೆ ರಾಜ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಸಾಗರ ಜೀವಶಾಸ್ತ್ರ ಅಂತಲೇ ಹೆಸರಿರುವ ಡಿಗ್ರಿ ಇದೆಯಂತೆ. ಮೊಬೈಲಿನಲ್ಲಿ ಜಾಹೀರಾತು ತೋರಿಸಿದಳು. ಫೀಸು ಕೇಳಿ ಎದೆ ಧಸಕ್ಕೆಂದಿತು. ನನ್ನ ಹತ್ತಿರ ನಾಲ್ಕು ಬಳೆ ಇವೆ. ಅಡವು ಇಡಲೇ, ಬೇಡವೇ? ನಾನು ಸಮುದ್ರವನ್ನೇ ನೋಡಿದವಳಲ್ಲ. ನನಗೇನು ತಿಳಿಯುತ್ತೆ, ನೀವೇ ಹೇಳಿ."

ಉತ್ತರವನ್ನು ಮೊದಲೇ ಹೇಳಿಬಿಡ್ತೀನಿ, ಕಾರಣ ಆಮೇಲೆ. ಬಳೆ ಇಡಬೇಡಿ. ಹಾಗಂತ ಮಗಳಿಗೆ ಬೇಡ ಅನ್ನಲೂಬೇಡಿ. ಇವೆರಡೂ ಒಟ್ಟಿಗೆ ಆಗುವ ಮಾತೇ. ಹೇಗೆ ಅಂತ ನೋಡೋಣ. ಇಂಥದೇ ಯೋಚನೆಯಲ್ಲಿರುವ ಬೇರೆ ತಾಯಂದಿರಿಗೂ ಇದು ಉಪಯೋಗವಾದೀತು.

ಹೆಸರಿನ ಡಿಗ್ರಿಯೇ ಬೇಕೆ?

ಬೇಕಿಲ್ಲ. ಕಡಲಿನ ಜೀವಶಾಸ್ತ್ರ ಎಂಬುದು ನಮ್ಮಲ್ಲಿ ಹೆಚ್ಚಾಗಿ ಎಂ.ಎಸ್ಸಿ.ಯಲ್ಲಿ ಕಲಿಯುವ ವಿದ್ಯೆ. ಅದಕ್ಕೆ ಮೊದಲಿನ ಮೂರು ವರ್ಷ ಬುನಾದಿ ಹಾಕುವ ಕಾಲ. ಅಡುಗೆ ಕಲಿಯುವ ಹುಡುಗಿಗೆ ಮೊದಲ ದಿನವೇ ಹೋಳಿಗೆ ಮಾಡು ಅಂತ ಹೇಳ್ತೀವಾ? ಹಿಟ್ಟು ಕಲಸುವ ಹದ, ಬೇಳೆ ಬೇಯುವ ಹದ, ಒಲೆಯ ಉರಿ ಇವೆಲ್ಲ ಕೈಗೆ ಬಂದ ಮೇಲೆ ಹೋಳಿಗೆ ತಾನಾಗಿ ಬರುತ್ತದೆ. ಇದೂ ಹಾಗೆಯೇ.

ಕಡಲಿನ ಜೀವಿಗಳನ್ನು ಓದುವವಳಿಗೆ ಪ್ರಾಣಿಶಾಸ್ತ್ರ ಬೇಕು, ಅದು ನಿಮಗೇ ಗೊತ್ತು. ಸಸ್ಯಶಾಸ್ತ್ರವೂ ಬೇಕು ಅಂದರೆ ಆಶ್ಚರ್ಯವಾದೀತು. ಸಮುದ್ರದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ತೇಲುತ್ತಿರುತ್ತವೆ. ಬಿಸಿಲನ್ನು ಬಳಸಿ ಆಹಾರ ತಯಾರಿಸುವ ಕೆಲಸದಲ್ಲಿ ಇಡೀ ಭೂಮಿಯ ಸುಮಾರು ಅರ್ಧ ಪಾಲು ಈ ಪಾಚಿಗಳದೇ. ಅವನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಬೂತಾಯಿಯಂಥ ಮೀನು ತಿನ್ನುತ್ತದೆ, ಅದನ್ನು ದೊಡ್ಡ ಮೀನು. ಇನ್ನು ರಸಾಯನಶಾಸ್ತ್ರ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪು ಕರಗಿರುತ್ತದೆ. ಹೊಳೆ ಬಂದು ಸೇರುವ ಕಡೆ, ಮಳೆಗಾಲದಲ್ಲಿ, ಅದು ತೀರಾ ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಯಾವ ಜೀವಿ ತಾಳುತ್ತೆ, ಯಾವುದು ಸಾಯುತ್ತೆ ಅಂತ ತಿಳಿಯಬೇಕಾದರೆ ನೀರನ್ನು ಅಳೆಯಲು ಬರಬೇಕಲ್ಲ?

ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಈ ಮೂರೂ ಇರುವ ಸಾದಾ ಬಿ.ಎಸ್ಸಿ., ಕಾಲೇಜಿನವರು ಸಿ.ಬಿ.ಝಡ್. ಅಂತಾರಲ್ಲ ಅದು, ನಿಮ್ಮ ಮಗಳಿಗೆ ಚೆನ್ನಾಗಿ ಹೊಂದುತ್ತದೆ. ಕರ್ನಾಟಕದಲ್ಲಿ ೨೦೨೪ರಿಂದ ಮತ್ತೆ ಮೂರು ವರ್ಷದ, ಮೂರು ವಿಷಯದ ಪದವಿ ಪದ್ಧತಿ ಬಂದಿರುವುದರಿಂದ ಇದನ್ನು ಆರಿಸಿಕೊಳ್ಳುವುದೂ ಸುಲಭ. ನಿಮ್ಮ ಜಿಲ್ಲೆಯ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲೇ ಸಿಕ್ಕೀತು. ಅಲ್ಲಿಯ ಫೀಸನ್ನು ಜಾಹೀರಾತಿನ ಫೀಸಿನ ಪಕ್ಕ ಇಟ್ಟು ನೋಡಿ.

ಹೆಸರನ್ನು ನಂಬಿ ಕೆಟ್ಟವರನ್ನು ನಾನು ಕಂಡಿದ್ದೇನೆ. ನಮ್ಮ ಬೀದಿಯ ಒಬ್ಬ ಹುಡುಗಿ ಭಾರಿ ಹೆಸರಿನ ವಿಜ್ಞಾನದ ಕೋರ್ಸಿಗೆ ಸೇರಿದಳು. ಯಾವ ಕಾಲೇಜು ಅಂತ ಬೇಡ ಬಿಡಿ. ಹನ್ನೆರಡು ಮಕ್ಕಳಿಗೆ ಒಂದು ಸೂಕ್ಷ್ಮದರ್ಶಕ. ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕುವುದರಲ್ಲೇ ಗಂಟೆ ಕಳೆದುಹೋಗುತ್ತಿತ್ತಂತೆ. ಮೂರು ವರ್ಷ ಆದ ಮೇಲೆ ಎಂ.ಎಸ್ಸಿ.ಗೆ ಅರ್ಜಿ ಹಾಕಿದರೆ, "ಪದವಿಯಲ್ಲಿ ಪ್ರಾಣಿಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿಲ್ಲ" ಅಂತ ವಾಪಸ್ಸು ಬಂತು. ಆ ಹುಡುಗಿಯ ತಾಯಿ ಈಗಲೂ ಸಾಲದ ಕಂತು ಕಟ್ಟುತ್ತಿದ್ದಾರೆ. ಹೆಸರಿರುವ ಕೋರ್ಸೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಳಗೆ ಏನಿದೆ ಅಂತ ನೋಡದೆ ದುಡ್ಡು ಕಟ್ಟಬೇಡಿ, ಅಷ್ಟೆ.

ಅದಕ್ಕೇ ಒಂದು ಉಪಾಯ ಹೇಳ್ತೀನಿ. ಹಿಂದಿನಿಂದ ಮುಂದಕ್ಕೆ ಓದಿ. ಮಗಳು ಮುಂದೆ ಎಂ.ಎಸ್ಸಿ.ಗೆ ಎಲ್ಲಿ ಹೋಗಬೇಕು ಅಂತಿದ್ದಾಳೋ ಆ ವಿಶ್ವವಿದ್ಯಾಲಯದ ಪ್ರವೇಶದ ನಿಯಮವನ್ನು ಈಗಲೇ ತರಿಸಿ ನೋಡಿ. ಪದವಿಯಲ್ಲಿ ಯಾವ ವಿಷಯ ಓದಿರಬೇಕು, ಎಷ್ಟು ಅಂಕ ಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಬಿ.ಎಸ್ಸಿ.ಯ ವಿಷಯಗಳನ್ನು ಅದಕ್ಕೆ ಹೊಂದುವಂತೆ ಆರಿಸಿ.

ಒಳನಾಡಿನ ಹುಡುಗಿಗೆ ಇದೆಲ್ಲ ಆಗುತ್ತದೆಯೇ?

ಈ ಅನುಮಾನ ನಿಮ್ಮ ಕಾಗದದ ತುಂಬ ಇದೆ. ಇಬ್ಬರು ಹೆಣ್ಣುಮಕ್ಕಳ ಮಾತು ಹೇಳ್ತೀನಿ.

ಅದಿತಿ ಪಂತ್ ಹುಟ್ಟಿದ್ದು ನಾಗಪುರದಲ್ಲಿ. ಸುತ್ತ ನೂರಾರು ಮೈಲಿ ಸಮುದ್ರವಿಲ್ಲದ ಊರು. ಬಿ.ಎಸ್ಸಿ. ಓದಿದ್ದು ಪುಣೆ ವಿಶ್ವವಿದ್ಯಾಲಯದಲ್ಲಿ, ಅಲ್ಲೂ ಕಡಲಿಲ್ಲ. ಅಲಿಸ್ಟರ್ ಹಾರ್ಡಿ ಎಂಬ ವಿಜ್ಞಾನಿ ಕಡಲಿನ ತೇಲುಜೀವಿಗಳ ಬಗ್ಗೆ ಬರೆದ ಪುಸ್ತಕವೊಂದು ಕೈಗೆ ಸಿಕ್ಕಿ ಆಸೆ ಹುಟ್ಟಿತು. ವಿದ್ಯಾರ್ಥಿವೇತನ ಪಡೆದು ಹವಾಯಿಯಲ್ಲಿ ಮುಂದೆ ಓದಿದರು, ಲಂಡನ್ನಿನಲ್ಲಿ ಡಾಕ್ಟರೇಟ್ ಮಾಡಿದರು, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗೆ ಬಂದು ಸೇರಿದರು. ೧೯೮೩ರ ಕೊನೆಗೆ ಹೊರಟ ನಮ್ಮ ದೇಶದ ಮೂರನೆಯ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಹಡಗು ಹತ್ತಿದರು. ಅವರ ಜೊತೆ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ನಮ್ಮ ದೇಶದ ಯಾತ್ರೆಯಲ್ಲಿ ಆ ಹಿಮದ ಖಂಡಕ್ಕೆ ಕಾಲಿಟ್ಟ ಮೊದಲ ಮಹಿಳೆಯರು ಇವರಿಬ್ಬರೇ.

ಇನ್ನೊಬ್ಬರು ಅಮೆರಿಕದ ರೇಚಲ್ ಕಾರ್ಸನ್. ಪೆನ್ಸಿಲ್ವೇನಿಯಾದ ಒಳನಾಡಿನ ಒಂದು ಸಣ್ಣ ಊರಿನವರು. ಮನೆಯಲ್ಲಿ ಬಡತನ. ಕಾಲೇಜಿಗೆ ಇಂಗ್ಲಿಷ್ ಓದಲು ಹೋದವರು, ನಡುವೆ ಜೀವಶಾಸ್ತ್ರಕ್ಕೆ ಬದಲಾಯಿಸಿದರು. ಅದೂ ಒಂದು ಸಾದಾ ಮಹಿಳಾ ಕಾಲೇಜು. ೧೯೨೯ರಲ್ಲಿ ಪದವಿ ಮುಗಿಸಿ, ಆ ಬೇಸಿಗೆ ವುಡ್ಸ್ ಹೋಲ್ ಎಂಬ ಕಡಲತೀರದ ಪ್ರಯೋಗಶಾಲೆಗೆ ಹೋದಾಗಲೇ ಸಮುದ್ರವನ್ನು ಮೊದಲ ಸಲ ಕಂಡದ್ದು! ಸಮುದ್ರದ ಬಗ್ಗೆ ಅವರು ೧೯೫೧ರಲ್ಲಿ ಬರೆದ ಪುಸ್ತಕವನ್ನು ಜಗತ್ತೇ ಓದಿತು. ಮಗಳ ಕಾಲೇಜಿನ ಫೀಸಿಗಾಗಿ ಅವರ ತಾಯಿ ಮನೆಯ ಪಿಂಗಾಣಿ ಪಾತ್ರೆಗಳನ್ನು ಮಾರಿದ್ದರು. ನಿಮ್ಮ ಬಳೆಯ ಮಾತು ಓದಿದಾಗ ನನಗೆ ಆ ತಾಯಿಯ ನೆನಪಾಯಿತು. ಆದರೆ ನೋಡಿ, ಆ ಪಾತ್ರೆಯ ದುಡ್ಡು ಹೋದದ್ದು ಮಗಳಿಗೆ ಗಟ್ಟಿಯಾಗಿ ಕಲಿಸಿದ ಕಾಲೇಜಿಗೆ. ಬೋರ್ಡಿನ ಮೇಲೆ ಅಲ್ಲಿ ಸಮುದ್ರದ ಹೆಸರು ಇರಲಿಲ್ಲ.

ಎರಡು ದಾರಿ

ಮಗಳನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: "ನಿನಗೆ ಬೇಕಾದ್ದು ಕಡಲಿನ ಜೀವಿಯೋ, ಮೀನುಗಾರಿಕೆಯೋ?" ಎರಡೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಎರಡಕ್ಕೂ ದಾರಿ ಬೇರೆ.

ಮೀನು ಸಾಕುವುದು, ಹಿಡಿಯುವುದು, ಕೆಡದಂತೆ ಇಡುವುದು, ಮೀನಿನ ರೋಗ, ಮಾರಾಟ ಇವೆಲ್ಲ ಮೀನುಗಾರಿಕೆ ವಿಜ್ಞಾನ. ಇದಕ್ಕೆ ಬಿ.ಎಫ್.ಎಸ್ಸಿ. ಎಂಬ ನಾಲ್ಕು ವರ್ಷದ ಪದವಿ ಇದೆ. ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜು ೧೯೬೯ರಲ್ಲಿ ಶುರುವಾದದ್ದು, ದೇಶದಲ್ಲೇ ಇಂಥ ಮೊದಲ ಕಾಲೇಜು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸೀಟು ಸಿಗುವುದು ಸಿ.ಇ.ಟಿ. ಮೂಲಕ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಇರಲೇಬೇಕು. ಕೃಷಿಕರ ಮಕ್ಕಳಿಗೆ ಬೇರೆ ಪಾಲು ಉಂಟು, ನಿಮ್ಮ ಮನೆಯಲ್ಲಿ ಹೊಲ ಇದ್ದರೆ ಅದನ್ನು ವಿಚಾರಿಸಿ. ಸೀಟು ಕಡಿಮೆ, ಪೈಪೋಟಿ ಹೆಚ್ಚು. ಆದರೆ ಪದವಿ ಮುಗಿದ ಕೂಡಲೇ ಕೆಲಸ ಹುಡುಕಬೇಕೆನ್ನುವವರಿಗೆ ಈ ದಾರಿ ಹತ್ತಿರ. ಮೀನುಗಾರಿಕೆ ಇಲಾಖೆ, ಮೀನು ಮತ್ತು ಸಿಗಡಿ ಸಾಕಣೆ, ರಫ್ತಿನ ಕಾರ್ಖಾನೆ, ಬ್ಯಾಂಕು ಇಂಥ ಕಡೆ ಅವಕಾಶ ಇದೆ.

ಕಡಲಿನ ಜೀವಿಗಳು ಹೇಗೆ ಬದುಕುತ್ತವೆ, ಹೇಗೆ ಹೆಚ್ಚುತ್ತವೆ, ಏಕೆ ಕಡಿಮೆಯಾಗುತ್ತವೆ ಅಂತ ಹುಡುಕುವ ಆಸೆ ಇದ್ದರೆ ಮೊದಲು ಹೇಳಿದ ಬಿ.ಎಸ್ಸಿ., ಆಮೇಲೆ ಕಡಲ ಪಕ್ಕದಲ್ಲಿ ಎಂ.ಎಸ್ಸಿ. ಅದಕ್ಕೆ ಬೇರೆ ರಾಜ್ಯಕ್ಕೇ ಹೋಗಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗದ ಹತ್ತಿರ. ಹೊರಗೆ ಹೋಗುವುದಾದರೆ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಇದೆ, ತಮಿಳುನಾಡಿನ ಪರಂಗಿಪೇಟ್ಟೈಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಹೆಸರಾಂತ ಕೇಂದ್ರವಿದೆ, ಅಂಡಮಾನಿನಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದ ವಿಭಾಗವಿದೆ.

ಕಾಲೇಜು ನೋಡಲು ಹೋದಾಗ

ಸೀರೆ ಕೊಳ್ಳುವಾಗ ನಾವು ಅಂಗಡಿಯವನ ಮಾತು ಕೇಳಿ ಸುಮ್ಮನಾಗ್ತೀವಾ? ಸೆರಗು ಬಿಡಿಸಿ, ಬೆಳಕಿಗೆ ಹಿಡಿದು ನೋಡ್ತೀವಿ. ಕಾಲೇಜನ್ನೂ ಹಾಗೇ ನೋಡಬೇಕು. ಸಂಕೋಚ ಬೇಡ, ಫೀಸು ಕಟ್ಟುವವರು ನೀವು. ಇವನ್ನು ಕೇಳಿ:

ಒಂದು, ಲ್ಯಾಬು ತೋರಿಸಿ ಅನ್ನಿ. ಎಷ್ಟು ಮಕ್ಕಳಿಗೆ ಒಂದು ಸೂಕ್ಷ್ಮದರ್ಶಕ? ಮೇಜಿನ ಮೇಲೆ ಧೂಳು ಕೂತಿದೆಯೋ, ಕೈ ಆಡಿದ ಗುರುತಿದೆಯೋ? ಮನೆ ನಡೆಸುವ ಹೆಂಗಸಿಗೆ ಇದು ಒಂದು ನೋಟಕ್ಕೇ ತಿಳಿಯುತ್ತದೆ.

ಎರಡು, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರಕ್ಕೆ ಕಾಯಂ ಉಪಾಧ್ಯಾಯರು ಎಷ್ಟು ಮಂದಿ? ಎಲ್ಲರೂ ಅತಿಥಿ ಉಪನ್ಯಾಸಕರೇ ಆದರೆ, ವರ್ಷದ ನಡುವೆ ಪಾಠ ನಿಲ್ಲುವುದಿಲ್ಲವೇ ಅಂತ ಕೇಳಿ.

ಮೂರು, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗ್ತಾರೆಯೇ? ಹೋದ ವರ್ಷ ಎಲ್ಲಿಗೆ ಹೋಗಿದ್ದರು? ಕೆರೆಗಾದರೂ ಸರಿ, ಹೊಳೆಗಾದರೂ ಸರಿ. ಕೆರೆಯ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಲಿತವಳಿಗೆ ಕಡಲಿನ ನೀರು ನೋಡುವುದು ಕಷ್ಟವಲ್ಲ.

ನಾಲ್ಕು, ಹಿಂದಿನ ವರ್ಷಗಳ ಇಬ್ಬರು ಮೂವರು ವಿದ್ಯಾರ್ಥಿನಿಯರನ್ನು ಮಾತಾಡಿಸಿ. ಪದವಿಯ ನಂತರ ಅವರು ಎಲ್ಲಿಗೆ ಹೋದರು? ಕಾಲೇಜಿನ ಪುಸ್ತಿಕೆಗಿಂತ ಅವರ ಮಾತು ಹೆಚ್ಚು.

ಐದು, ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಅದಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯೇ? ಇದನ್ನು ಮಾತ್ರ ಬಾಯಿಮಾತಿನಲ್ಲಿ ಬಿಡಬೇಡಿ.

ಆರು, ಹುಡುಗಿಯರ ಹಾಸ್ಟೆಲು. ಊಟ, ನೀರು, ವಾರ್ಡನ್ ಯಾರು ಎಲ್ಲವನ್ನೂ ಕಣ್ಣಾರೆ ನೋಡಿ.

ಮಗಳಿಗೂ ಎರಡು ಮಾತು. ಮೊದಲನೆಯದು, ಗಣಿತ ಬಿಟ್ಟೆ ಅಂತ ಖುಷಿಪಡಬೇಡ. ಎಷ್ಟು ಮೀನು ಹಿಡಿದರು, ಎಷ್ಟು ಉಳಿದಿರಬಹುದು ಅಂತ ಅಂದಾಜು ಮಾಡುವುದೆಲ್ಲ ಲೆಕ್ಕವೇ. ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಇವೆರಡನ್ನೂ ಪದವಿಯಲ್ಲಿರುವಾಗಲೇ ಸ್ವಲ್ಪ ಸ್ವಲ್ಪ ಕಲಿತುಕೊ. ಎರಡನೆಯದು, ಈಜು ಕಲಿ. ಡಿಗ್ರಿಗೆ ಅದು ಬೇಕೆಂದಿಲ್ಲ, ಆದರೆ ನೀರಿನ ಹತ್ತಿರ ಕೆಲಸ ಮಾಡುವವಳಿಗೆ ಧೈರ್ಯ ಬರುತ್ತದೆ, ಅಮ್ಮನಿಗೂ ರಾತ್ರಿ ನಿದ್ದೆ ಬರುತ್ತದೆ.

ಅಪ್ಪನ ಪ್ರಶ್ನೆಗೂ ಉತ್ತರ ಬೇಕಲ್ಲ?

"ಮೀನು ಎಣಿಸುವುದಕ್ಕೆ ಯಾರು ಸಂಬಳ ಕೊಡ್ತಾರೆ?" ಅಂತ ನಿಮ್ಮ ಮನೆಯವರು ಕೇಳಿದ್ದಾರಂತೆ. ಕೋಪ ಮಾಡಿಕೊಳ್ಳಬೇಡಿ, ನ್ಯಾಯವಾದ ಪ್ರಶ್ನೆ. ಸರ್ಕಾರವೇ ಕೊಡುತ್ತದೆ ಅನ್ನಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ೧೯೪೭ರಲ್ಲಿ ಆರಂಭವಾಯಿತು. ಅದರ ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ, ಮಂಗಳೂರಿನಲ್ಲೂ ಒಂದು ಕೇಂದ್ರ ಇದೆ. ದೋಣಿಗಳು ದಡ ಸೇರುವ ಬಂದರುಗಳಿಗೆ ಹೋಗಿ, ಯಾವ ಮೀನು ಎಷ್ಟು ಬಂತು, ಎಷ್ಟು ಉದ್ದ, ಮೊಟ್ಟೆ ಇದೆಯೇ ಅಂತ ಅವರು ವರ್ಷವಿಡೀ ನೋಡುತ್ತಾರೆ. ಮೀನಿನ ಕಿವಿಯೊಳಗೆ ಸಣ್ಣ ಕಲ್ಲಿನಂಥದೊಂದು ಇರುತ್ತದೆ. ಮರದ ಕಾಂಡದಲ್ಲಿರುವ ಹಾಗೆ ಅದರಲ್ಲೂ ಪದರಗಳು. ಅವನ್ನು ಎಣಿಸಿ ಮೀನಿನ ವಯಸ್ಸು ಅಂದಾಜು ಮಾಡುತ್ತಾರೆ.

ಇದರಿಂದ ಏನು ಪ್ರಯೋಜನ ಅಂದರೆ, ಕರಾವಳಿಯ ಸೋದರಿಯರನ್ನು ಕೇಳಿ. ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಹಳಷ್ಟು ಮೀನು ಮೊಟ್ಟೆ ಇಡುವ ಕಾಲ ಅದು. ಆ ಕಾಲ ಯಾವುದು ಅಂತ ತಿಳಿಸಿದ್ದು ಈ ಓದು ಓದಿದವರೇ. ಬೂತಾಯಿ ಒಂದು ವರ್ಷ ರಾಶಿ ರಾಶಿ ಬಂದು ಇನ್ನೊಂದು ವರ್ಷ ಕಾಣೆಯಾದಾಗ ಸಾವಿರಾರು ಮನೆಗಳ ಒಲೆಯ ಪ್ರಶ್ನೆಯಾಗುತ್ತದೆ. ಅದು ಏಕೆ ಹಾಗಾಗುತ್ತದೆ ಅಂತ ಹುಡುಕುವುದು ಸುಮ್ಮನೆ ಮಾಡುವ ಕೆಲಸವಲ್ಲ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಇದು ಉದ್ದದ ದಾರಿ. ಬಿ.ಎಸ್ಸಿ. ಮೂರು ವರ್ಷ, ಎಂ.ಎಸ್ಸಿ. ಎರಡು, ವಿಜ್ಞಾನಿಯೇ ಆಗಬೇಕೆಂದರೆ ಪಿಎಚ್.ಡಿ. ಇನ್ನು ನಾಲ್ಕೈದು. ಹುದ್ದೆಗಳು ಕಡಿಮೆ, ಬೇಡುವವರು ಹೆಚ್ಚು. ಆದರೆ ಎಂ.ಎಸ್ಸಿ. ಆದ ಮೇಲೆ ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ವೇತನಕ್ಕೆ ಆಯ್ಕೆಯಾದರೆ ಪಿಎಚ್.ಡಿ. ಮಾಡುವಾಗಲೇ ಹಣ ಬರುತ್ತದೆ. ೨೦೨೩ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ. ಮನಸ್ಸು ಬದಲಾದರೂ ಬಿ.ಎಸ್ಸಿ. ವ್ಯರ್ಥವಾಗುವುದಿಲ್ಲ. ಬಿ.ಎಡ್. ಮಾಡಿ ಉಪಾಧ್ಯಾಯಿನಿ ಆಗಬಹುದು, ಬೇರೆ ಜೀವವಿಜ್ಞಾನದ ಎಂ.ಎಸ್ಸಿ.ಗೆ ಹೋಗಬಹುದು. ಹದಿನೆಂಟರ ಹುಡುಗಿಯ ಮುಂದೆ ನಾಲ್ಕು ಬಾಗಿಲು ತೆರೆದಿಡುತ್ತದೆ ಅಂತಲೇ ನಾನು ಸಾದಾ ಬಿ.ಎಸ್ಸಿ. ಪರವಾಗಿ ಇಷ್ಟು ಮಾತಾಡಿದ್ದು.

"ಅಷ್ಟು ಓದಿದರೆ ಗಂಡು ಎಲ್ಲಿ ಹುಡುಕೋದು?" ಎಂಬ ಮಾತೂ ಕಾಗದದಲ್ಲಿದೆ. ಸೋದರಿ, ನನ್ನ ಕಾಲದಲ್ಲಿ ನನಗೂ ವಿಜ್ಞಾನ ಓದುವ ಆಸೆಯಿತ್ತು. ಹುಡುಗಿಯರು ಆ ಕಾಲೇಜಿಗೆ ಹೋಗುವುದಿಲ್ಲ ಅಂತ ಮನೆಯಲ್ಲಿ ಹೇಳಿದರು, ಬಿಟ್ಟೆ. ಮದುವೆ ಆಯಿತು, ಮಕ್ಕಳಾದವು, ಎಲ್ಲ ಚೆನ್ನಾಗಿಯೇ ಇದೆ. ಆದರೂ ಯಾರದಾದರೂ ಮನೆಯಲ್ಲಿ ಸೂಕ್ಷ್ಮದರ್ಶಕ ಕಂಡರೆ ಒಂದು ಸಲ ಬಗ್ಗಿ ನೋಡದೆ ಬರಲಾರೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಬಳೆಗೆ ಮೊದಲು ಬಸ್ಸು

ಈಗ ನೀವು ಮಾಡಬೇಕಾದ ಕೆಲಸ. ಬಳೆ ಪೆಟ್ಟಿಗೆಯಲ್ಲೇ ಇರಲಿ. ಮುಂದೆ ಎಂ.ಎಸ್ಸಿ.ಗೆ ಹೊರಗೆ ಹೋಗುವಾಗ ನಿಜವಾಗಿ ಬೇಕಾದೀತು. ಈಗ ಬೇಕಾದ್ದು ಬಸ್ಸಿನ ಚಾರ್ಜು. ಮಗಳನ್ನು ಕರೆದುಕೊಂಡು, ಸಾಧ್ಯವಾದರೆ ಅವರಪ್ಪನನ್ನೂ ಒಪ್ಪಿಸಿಕೊಂಡು, ಶಿರಸಿಯ ಮೇಲೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬನ್ನಿ. ಮಳೆಗಾಲದಲ್ಲಿ ಕಡಲು ಒರಟು, ಆಗ ಬೇಡ. ಮಳೆಗೆ ಮುಂಚೆ ಆಗದಿದ್ದರೆ ದಸರಾ ರಜೆಗೆ ಹೋಗಿ. ಅಷ್ಟರಲ್ಲಿ ಅವಳು ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದರೂ ನಷ್ಟವೇನಿಲ್ಲ.

ದಿನ ಆರಿಸಲು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ಜೋರಾಗಿರುತ್ತದೆ, ನೀರು ಬಹಳ ಹಿಂದೆ ಸರಿಯುತ್ತದೆ. ಇಳಿತ ಯಾವ ಹೊತ್ತಿಗೆ ಅಂತ ಅಲ್ಲಿಯ ಮೀನುಗಾರರನ್ನು ಕೇಳಿ, ಅವರಿಗೆ ಬಾಯಲ್ಲೇ ಇರುತ್ತದೆ. ಆಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಶಂಖದ ಹುಳು, ಬಂಡೆಗೆ ಅಂಟಿದ ಚಿಪ್ಪು, ಹಸಿರು ಕೆಂಪು ಪಾಚಿ ಎಲ್ಲ ಕಾಣುತ್ತವೆ. ನೀರು ತಿರುಗಿ ಏರುವ ಮೊದಲು ಬಂಡೆಯಿಂದ ವಾಪಸ್ಸು ಬನ್ನಿ. ಆಮೇಲೆ ಕೋಡಿಬಾಗದ ವಿಭಾಗಕ್ಕೆ ಹೋಗಿ, "ನಮ್ಮ ಹುಡುಗಿಗೆ ಇದನ್ನು ಓದಬೇಕಂತೆ, ಪದವಿಯಲ್ಲಿ ಏನು ತೆಗೆದುಕೊಳ್ಳಲಿ?" ಅಂತ ಅಲ್ಲಿಯ ಉಪಾಧ್ಯಾಯರನ್ನೇ ಕೇಳಿ. ಮೊದಲೇ ಫೋನು ಮಾಡಿಕೊಂಡು ಹೋದರೆ ಒಳ್ಳೆಯದು.

ಮಗಳ ಮುಖ ನೋಡಿ. ಬಿಸಿಲಲ್ಲಿ, ಮರಳಲ್ಲಿ, ಮೀನಿನ ವಾಸನೆಯಲ್ಲಿ ಎರಡು ಗಂಟೆ ಕಳೆದ ಮೇಲೂ ಅವಳು ಗುಂಡಿಯ ಪಕ್ಕದಿಂದ ಏಳದೆ ಕೂತಿದ್ದರೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. "ಅಮ್ಮ, ಸಾಕು, ಹೋಗೋಣ" ಅಂದರೂ ಸಿಕ್ಕಿತು. ಯಾವುದಾದರೂ ಸರಿ, ಬಸ್ಸಿನ ಚಾರ್ಜಿನಲ್ಲಿ ತಿಳಿಯಿತಲ್ಲ!

ಇನ್ನೊಂದು ಮಾತು, ಇದು ನಿಮಗೇ. ಸಮುದ್ರ ನೋಡಿದವಳಲ್ಲ ಅಂತ ಬರೆದಿದ್ದೀರಿ. ಮಗಳ ನೆಪದಲ್ಲಿ ನೀವೂ ನೋಡಿ ಬನ್ನಿ. ನೋಡಿ ಬಂದ ಮೇಲೆ ನನಗೆ ಒಂದು ಕಾಗದ ಹಾಕಿ. ಇಂಥದೇ ದಾರಿಯಲ್ಲಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದರೆ ನೀವೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬ ಸೋದರಿಯ ಕಾಗದದೊಂದಿಗೆ ಬರ್ತೀನಿ.

ನಿಮ್ಮ ಅಕ್ಕ